ನಡುವಿನ ಪೆಟ್ಟಿಗೆಯ ವಿರುದ್ಧ ನಾನು ಗೆದ್ದ ವಾದ

ಕಾಮಾಕ್ಷಿಪಾಳ್ಯದಲ್ಲಿ ಬಸ್ಸಿಳಿದ ಕೂಡಲೇ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಜೊತೆಗೆ, ಇದೇ ಬೀದಿಯಲ್ಲಿ ನಾನು ಗೆದ್ದ ವಾದವೊಂದು ನೆನಪಾಯಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರಿಗೆ ಒಂದು ಕಾಯಿಲೆ ಇರುತ್ತದೆ, ನೋಡಿ: ಎದುರಿನವರು ಕಾಫಿ ಕುಡಿಯೋಣವೆಂದರೂ ‘ಯಾಕೆ?’ ಅನ್ನುವುದು.

ನಂಜುಂಡಣ್ಣ ಇಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಾರೆ. ನಮ್ಮ ಮನೆಯ ಹಾಡಿನ ಸಾಮಾನು ಜೋಡಿಸಿಕೊಟ್ಟವರೂ ಅವರೇ. ಲ್ಯಾಪ್‌ಟಾಪಿನ ಅಂಕಿಗಳನ್ನು ದನಿಯಾಗಿಸುವ ಡ್ಯಾಕ್ ಒಂದು ಕಡೆ, ಸ್ಪೀಕರಿಗೆ ಬಲ ತುಂಬುವ ಪವರ್ ಆಂಪ್ ಇನ್ನೊಂದು ಕಡೆ. ನಡುವೆ ಅವರೇ ಕೈಯಾರೆ ಮಾಡಿದ, ದನಿ ಏರಿಸಿ ಇಳಿಸುವ ದಪ್ಪ ಗುಂಡಿಯ ಪ್ರೀ ಆಂಪ್. ಬೆಳಿಗ್ಗೆ ಹಾಡು ಹಾಕಿ ಆ ಗುಂಡಿ ತಿರುಗಿಸುವುದು ಅಮ್ಮನ ರೂಢಿ.

‘ನಡುವೆ ಈ ಡಬ್ಬ ಯಾಕಣ್ಣಾ? ವಾಲ್ಯೂಮ್ ಲ್ಯಾಪ್‌ಟಾಪಲ್ಲೇ ಇಳಿಸ್ಬೋದಲ್ಲ?’ ಎಂದು ಒಮ್ಮೆ ಅವರು ಮನೆಗೆ ಬಂದಾಗ ಕೆಣಕಿದೆ.

‘ಇದಿದ್ರೆ ಹಾಡಿಗೆ ಮೈ ಬರುತ್ತೆ ಕಣೋ.’

‘ಹಂಗಾದ್ರೆ ಕಣ್ಮುಚ್ಕೊಂಡು ಹೇಳಿ.’

ಎಲ್ಲ ಹೊತ್ತುಕೊಂಡು ಅವರ ಅಂಗಡಿಗೇ ಹೋದೆ. ಡಬ್ಬ ಇರುವ, ಇಲ್ಲದ ಎರಡೂ ಜೋಡಣೆಯ ದನಿಯನ್ನು ಮೀಟರಿನಲ್ಲಿ ಸರಿದೂಗಿಸಿ, ಅವರ ಕಣ್ಣಿಗೆ ಟವಲು ಕಟ್ಟಿ, ಹತ್ತು ಸಲ ಬದಲಾಯಿಸಿದೆ. ಅವರ ಉತ್ತರಗಳು ನಾಣ್ಯ ಚಿಮ್ಮಿದ ಹಾಗಿದ್ದವು: ಅರ್ಧ ಸರಿ, ಅರ್ಧ ತಪ್ಪು. ‘ಸೋತೆ ಕಣಪ್ಪಾ’ ಎಂದು ನಕ್ಕು ಪೆಟ್ಟಿಗೆಯನ್ನು ತಮ್ಮ ಕಪಾಟಿನಲ್ಲಿಟ್ಟರು. ಅಷ್ಟು ಸಲೀಸಾಗಿ ಸೋಲೊಪ್ಪುವ ವಿದ್ಯೆ ನನಗೆ ಯಾವ ವೇದಿಕೆಯೂ ಕಲಿಸಿರಲಿಲ್ಲ.

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತಾನೇ ಅಪ್‌ಡೇಟ್ ಆಗಿ ದನಿಯನ್ನು ತುದಿಗೇರಿಸಿಕೊಂಡು ಕೂತಿತ್ತು. ನಾನು ಬಚ್ಚಲಲ್ಲಿದ್ದೆ. ಅಮ್ಮ ಹಾಡು ಹಾಕಿದಳು. ಬೀದಿಗೆ ಬೀದಿಯೇ ಎದ್ದಿತು. ಇಳಿಸಲು ಗುಂಡಿಯಿಲ್ಲದೆ ಅವಳು ಪ್ಲಗ್ಗನ್ನೇ ಕಿತ್ತಳು. ಎದುರುಮನೆಯ ಆಂಟಿ ಕೂಗಿದರು: ‘ಏನ್ರೀ, ಮನೇಲಿ ಆರ್ಕೆಸ್ಟ್ರಾ ಇಡ್ಸಿದೀರಾ?’

‘ಸರಿ ಮಾಡಿದೀನಿ, ಹಾಕ್ಕೋ ಅಮ್ಮ’ ಅಂದೆ.

‘ಬೇಡ ಬಿಡು. ನೀನಿದ್ದಾಗ ನೀನೇ ಹಾಕು.’

ಎರಡು ವಾರ ನಮ್ಮ ಬೆಳಗುಗಳಲ್ಲಿ ಕುಕ್ಕರಿನ ಶಿಳ್ಳೆ ಬಿಟ್ಟರೆ ಬೇರೆ ಸದ್ದಿಲ್ಲ. ಪ್ರೀ ಆಂಪಿನಿಂದ ನಮ್ಮ ಮನೆಯ ಹಾಡು ಒಂದಿಷ್ಟೂ ಸುಧಾರಿಸದು. ಈ ಮಾತಿನಿಂದ ನಾನು ಇವತ್ತಿಗೂ ಅಲುಗುವುದಿಲ್ಲ. ಆದರೆ ಅಂದು ನಾನು ತೂಗಿದ್ದು ದನಿಯನ್ನು ಮಾತ್ರ. ಅದನ್ನು ಅಂಕೆಯಲ್ಲಿಡುವ ಅಮ್ಮನ ಕೈಯನ್ನಲ್ಲ.

‘ಆ ಪೆಟ್ಟಿಗೆ ವಾಪಸ್ ಬೇಕಣ್ಣಾ’ ಅಂದೆ ಇವತ್ತು.

‘ಯಾಕೋ, ಹೊಸ ಕಿವಿ ಬಂತಾ?’

‘ನಂಗಲ್ಲ. ಅಮ್ಮಂಗೆ.’

ನಂಜುಂಡಣ್ಣ ನಗದೆ ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆದರು. ‘ಈ ಗುಂಡಿ ಸ್ವಲ್ಪ ಬಿಗಿ ಇದೆ. ಅಮ್ಮನ್ನೇ ಬರ್ಹೇಳು, ತಿರುಗ್ಸಿ ನೋಡ್ಲಿ.’

‘ನಾನೇ ನೋಡ್ತೀನಿ ಬಿಡಿ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಫೋನ್ ಮಾಡಿದ್ದೇನೆ, ಹೊಸಹಳ್ಳಿಯ ಮನೆಯಿಂದ ಅಮ್ಮ ಹೊರಟಿದ್ದಾಳೆ. ಅವಳು ಬಂದು ಗುಂಡಿ ತಿರುಗಿಸಿ ಹೇಗಿದೆಯೆಂದು ಹೇಳುವವರೆಗೆ ಬಾಯಿ ಬಿಡಬಾರದೆಂದು ನಿಶ್ಚಯಿಸಿ, ಸ್ಟೂಲಿನ ಮೇಲೆ ಕೂತಿದ್ದೇನೆ.