ಇಗ್ಲಿಕಕ್ಕನ ನಾನೂರ ಹನ್ನೆರಡು ಚಿತ್ತಾರ

ಇಗ್ಲಿಕಕ್ಕ ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಬೈದವಳಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸರ್ಕಾರಿ ಹೆಣಿಗೆ ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಗೇಟಿನ ಮುಂದೆ ನಿಂತು ಅತ್ತರು. ಅವಳು ಗುಜರಿಗೆ ಹೋಗಬೇಕಿದ್ದ ಎರಡು ಯಂತ್ರಗಳನ್ನು ಕತ್ತೆಗಾಡಿಗೆ ಹೇರಿಕೊಂಡು ಮನೆಗೆ ಬಂದಳು. ಯಂತ್ರವೇನೋ ಬಂತು, ಹೆಣೆಯುವುದೇನನ್ನ? ಚೌಕುಳಿ ಹಾಳೆಯ ಪುಸ್ತಕ ಹಿಡಿದು ಬೆಟ್ಟದ ಹಳ್ಳಿಗಳನ್ನು ಹತ್ತಿದಳು. ಅಲ್ಲಿನ ಮುದುಕಿಯರ ಪೆಟ್ಟಿಗೆಗಳಲ್ಲಿ ಅವರ ಅಜ್ಜಿಯರ ಕಾಲದ ಕಾಲ್ಚೀಲ, ಕೈಗವಸುಗಳಿರುತ್ತಿದ್ದವು. ಮುದುಕಿಯ ಆಲೂಗಡ್ಡೆ ಅಗೆದುಕೊಡುವುದು, ಆಮೇಲೆ ಆ ಕಾಲ್ಚೀಲ ಮಡಿಲಲ್ಲಿಟ್ಟುಕೊಂಡು ಹೆಣಿಗೆಯ ಒಂದೊಂದೇ ಕಣ್ಣು ಎಣಿಸಿ ಚಿತ್ತಾರ ಬರೆದುಕೊಳ್ಳುವುದು. ಹೀಗೆ ಹನ್ನೊಂದು ವರ್ಷ. ಒಟ್ಟು ನಾನೂರ ಹನ್ನೆರಡು. ಪ್ರತಿಯೊಂದಕ್ಕೂ ಕೊಟ್ಟವಳ ಹೆಸರೇ ಇಟ್ಟಳು: ಸ್ತಾನಜ್ಜಿ, ಕೆರಜ್ಜಿ, ಕುಂಟಿ ಮಿತ್ರಜ್ಜಿ. ಆ ಮುದುಕಿಯರು ಈಗಿಲ್ಲ. ಅವರ ಪೆಟ್ಟಿಗೆಗಳನ್ನು ಮೊಮ್ಮಕ್ಕಳು ಹಳೇ ಬಟ್ಟೆಯವನಿಗೆ ಹಾಕಿ ಆಯಿತು.

ಆಮೇಲೆ ಅವಳದೇ ಸಣ್ಣ ಕಾರ್ಖಾನೆಗೆ ಕಂಪ್ಯೂಟರ್ ಹೇಳಿದ ಹಾಗೆ ಹೆಣೆಯುವ ಯಂತ್ರಗಳು ಬಂದವು. ಅವನ್ನು ರಿಪೇರಿ ಮಾಡಲು ನಾನು ಸೇರಿದೆ. ಚಿತ್ತಾರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದೆವು. ಪುಸ್ತಕಗಳು ನೆಲಮಾಳಿಗೆಯಲ್ಲಿದ್ದವು, ಓಸಮ್ ಹೊಳೆ ಉಕ್ಕಿದ ವರ್ಷ ಕಲಸಿದ ಹಿಟ್ಟಿನ ಹಾಗಾದವು. ಅವಳು ಅಳಲಿಲ್ಲ. "ಕಂಪ್ಯೂಟರಲ್ಲಿ ಐತಲ್ಲೋ ಗಾಂಚೊ" ಅಂದಳು.

ಅದಕ್ಕೇ ಪುರಸಭೆಯಲ್ಲಿ ಆ ಸಭೆ ಕರೆದಾಗ ಅವಳು ಮೊದಲ ಸಾಲಿನಲ್ಲಿ ಹೋಗಿ ಕೂತಳು. ಪೊಲೀಸರು, ಪುರಸಭೆ, ಒಂದು ಬ್ಯಾಂಕು, ಒಂದು ಫೋನ್ ಕಂಪನಿ ಎಲ್ಲ ಸೇರಿ ನಮ್ಮಂಥ ಸಣ್ಣ ಅಂಗಡಿ, ಕಾರ್ಖಾನೆಗಳನ್ನು ಕಂಪ್ಯೂಟರ್ ಕಳ್ಳರಿಂದ ಕಾಯಲು ನೆರವು ಕೇಂದ್ರ ತೆರೆದಿದ್ದರು. ಅವಳು ಒಂದು ಡಿಸ್ಕ್ ಮತ್ತು ಗೋಡೆಗೆ ಅಂಟಿಸುವ ಒಂದು ಹಾಳೆ ಹಿಡಿದು ಬಂದಳು. ಬಿಟ್ಟಿ.

"ನಮ್ಮ ಕಾಲ್ಚೀಲ ಕದಿಯಾಕೆ ಸಮುದ್ರ ದಾಟಿ ಬರ್ತಾರಾ ಅಕ್ಕ?" ಅಂತ ನಾನು ನಕ್ಕೆ.

"ಕದಿಯಲ್ವಂತೆ ಕಣೋ. ಬೀಗ ಹಾಕ್ತಾರಂತೆ. ಮನೆ ನಮ್ದು, ಬೀಗ ಅವರ್ದು."

ಶುಕ್ರವಾರ ಮಧ್ಯಾಹ್ನ ಡಿಸ್ಕ್ ಸಿಕ್ಕಿಸಬೇಕು, ಎಲ್ಲದರ ನಕಲು ತೆಗೆಯಬೇಕು, ಕಿತ್ತು ಬಿಸ್ಕತ್ ಡಬ್ಬಿಯಲ್ಲಿಡಬೇಕು, ಹಾಳೆಯಲ್ಲಿ 'ಕಿತ್ತಿಟ್ಟಿದ್ದೇನೆ' ಅನ್ನುವ ಕಡೆ ಸಹಿ ಹಾಕಬೇಕು. ಕೆಲಸ ನನ್ನದು. ಕಂಪ್ಯೂಟರಿನ ಹಿಂದೆ ಬಗ್ಗಿ ತಡಕಾಡುವುದು ನನಗಾಗುವ ಕೆಲಸವಲ್ಲ. ನಾಲ್ಕು ವಾರ ಮಾಡಿದೆ, ಐದನೇ ವಾರ ತಲೆ ಮೇಜಿಗೆ ಬಡಿದು ರಕ್ತ ಬಂತು. ಇದರಜ್ಜಿ ಪಿಂಡ, ಅಲ್ಲೇ ಇರಲಿ ಅಂತ ಬಿಟ್ಟೆ. ಸಹಿ ಮಾತ್ರ ಪ್ರತಿ ವಾರ ಹಾಕಿದೆ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಬಂತು. ಹೂವಿನ ಹೆಸರಿನವರಿಗೆಲ್ಲ ಅವತ್ತು ಹೆಸರಿನ ಹಬ್ಬ; ಇಗ್ಲಿಕಾ ಅಂದರೂ ಹೂವೇ. ಹೆಸರಿನ ಹಬ್ಬಕ್ಕೆ ನಮ್ಮಲ್ಲಿ ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ತಾವಾಗಿ ಬರುತ್ತಾರೆ. ಬಂದವರಿಗೆ ಬಾಗಿಲು ತೆಗೆಯದಿದ್ದರೆ ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ. ಬಾಗಿಲಿಗೆ ವಿಲೋ ರೆಂಬೆ ಕಟ್ಟಿ, ಕಾರ್ಖಾನೆಯೊಳಗೇ ಮೇಜು ಹಾಕಿ, ಹುರಿದ ಮೀನು, ಹಣ್ಣಿನ ಸಾರಾಯಿ ರಾಕಿಯಾ ಇಟ್ಟಿದ್ದಳು. ಕಂಪ್ಯೂಟರಿಗೂ ಶುಭಾಶಯಗಳು ಬರುತ್ತಿದ್ದವು. ನಾನು ಗ್ಲಾಸು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಒಂದರಲ್ಲಿ ಹಳದಿ ಹೂಗೊಂಚಲು, ಕೆಳಗೆ 'ಕಾರ್ಡ್ ತೆರೆಯಿರಿ' ಅಂತ.

"ಇದ್ಯಾರ್ದಕ್ಕಾ?"

"ಯಾರ್ದೋ. ಹಬ್ಬದ ದಿನ ಬಂದೋರನ್ನ ನೀನ್ಯಾರು ಅಂತ ಕೇಳ್ತಾರೇನೋ?"

ತೆರೆದಳು. ಏನೂ ಬರಲಿಲ್ಲ. "ಪಾಪ, ನಾಚ್ಕೊಂಡು ಓಡೋದ" ಅಂತ ನಕ್ಕಳು.

ಸೋಮವಾರ ಬೆಳಿಗ್ಗೆ ಪರದೆ ಕಪ್ಪಾಗಿತ್ತು, ಅದರ ಮೇಲೆ ನಾಲ್ಕು ಸಾಲು. ನಿಮ್ಮದೆಲ್ಲಕ್ಕೂ ಬೀಗ ಹಾಕಿದ್ದೇವೆ, ಕೀ ಬೇಕಿದ್ದರೆ ದುಡ್ಡು ಕಳಿಸಿ. ನಾನು ಕುರ್ಚಿಗೆ ಒದ್ದೆ, ಕಳ್ಳರ ಏಳು ತಲೆಮಾರನ್ನೂ ಬೈದೆ. ಇಗ್ಲಿಕಕ್ಕ ಗೋಡೆಯ ಹಾಳೆ ನೋಡಿ ಕೇಂದ್ರಕ್ಕೆ ಫೋನ್ ಮಾಡಿದಳು. "ಯಾಕೋ ಕಿರುಚ್ತೀಯ? ಡಬ್ಬಿ ಐತಲ್ಲ" ಅಂದಳು.

ನಾನು ಒದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದೆ.

ಒಂದು ಗಂಟೆಯೊಳಗೆ ಕೇಂದ್ರದ ಹುಡುಗಿ ಬಂದಳು, ರಾಲಿತ್ಸಾ ಅಂತ. ಮೊದಲು ಕಂಪ್ಯೂಟರಿನ ತಂತಿ ಕಿತ್ತಳು. ನೆನ್ನೆ ಆದದ್ದನ್ನು ಕೇಳಿ, "ನಂದೂ ಹೂವಿನ ಹೆಸರೇ ಅಮ್ಮಾ. ನಂಗೂ ಅಂಥದ್ದೇ ಕಾರ್ಡ್ ಬಂದಿತ್ತು. ತೆಗೆಯಲ್ಲ ಅಂತ ಕೈ ಕಟ್ಕೊಂಡು ಕೂತಿದ್ದೆ" ಅಂದಳು. ಆಮೇಲೆ, "ನಕಲು ಎಲ್ಲಿದೆ?"

ಇಗ್ಲಿಕಕ್ಕ ಹೆಮ್ಮೆಯಿಂದ ಹಾಳೆ ತೋರಿಸಿದಳು. ಸಾಲಾಗಿ ನನ್ನ ಸಹಿಗಳು.

"ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದ್ದೀರ! ಇಡೀ ಊರಲ್ಲಿ ಒಂದು ವಾರಾನೂ ಬಿಡದೆ ಮಾಡಿರೋರು ನೀವೊಬ್ರೇ ಅಣ್ಣ" ಅಂತ ಆ ಹುಡುಗಿ ನನ್ನ ಕೈ ಕುಲುಕಿದಳು.

ಇಗ್ಲಿಕಕ್ಕ ಡಬ್ಬಿ ತೆಗೆದಳು. ಅದರಲ್ಲಿ ಎರಡು ಗುಂಡಿ, ಒಂದು ಕತ್ತರಿ.

"ಕಂಪ್ಯೂಟರ್ ಹಿಂದೆ ಐತೆ ಅಕ್ಕ. ಏಳು ವಾರದಿಂದ ಅಲ್ಲೇ ಐತೆ."

ರಾಲಿತ್ಸಾ ಡಿಸ್ಕ್ ತೆಗೆದು ತನ್ನ ಯಂತ್ರಕ್ಕೆ ಸಿಕ್ಕಿಸಿ ನೋಡಿದಳು. ಕಂಪ್ಯೂಟರಿಗೆ ಸಿಕ್ಕಿಸಿಯೇ ಇದ್ದುದರಿಂದ ಅದಕ್ಕೂ ಬೀಗ. ಬೇರೆ ಬೇರೆ ದೇಶದ ಪೊಲೀಸರು ಒಡೆದ ಬೀಗಗಳ ಕೀಗಳು ಕೇಂದ್ರದಲ್ಲಿರುತ್ತವಂತೆ. ಮಧ್ಯಾಹ್ನದವರೆಗೆ ಎಲ್ಲವನ್ನೂ ಹಾಕಿ ನೋಡಿದಳು. ಒಂದೂ ಹೊಂದಲಿಲ್ಲ.

"ಹೊಸ ಬೀಗ ಅಮ್ಮಾ. ಡಿಸ್ಕ್ ಬಿಸಾಡ್ಬೇಡಿ. ಕೀ ಸಿಕ್ಕಿದ ದಿನ ನಾನೇ ಓಡಿ ಬರ್ತೀನಿ."

"ಯಾವಾಗ ಸಿಗ್ತದೆ ಮಗಾ?"

"ಆರು ತಿಂಗಳಿಗೂ ಸಿಗಬಹುದು. ಸಿಗದೇನೂ ಇರಬಹುದು."

"ಅವರು ಕೇಳಿದ್ದು ಕೊಟ್ಟು ಬಿಸಾಡಿದ್ರೆ?" ಅಂದೆ ನಾನು.

"ಕೊಟ್ಟೂ ಕೀ ಸಿಗದೆ ಅತ್ತೋರನ್ನ ಈ ವರ್ಷವೇ ಮೂವರನ್ನ ನೋಡಿದೀನಿ ಅಣ್ಣ."

ಅವಳು ಹೋದ ಮೇಲೆ ನಾನು, "ಬಯ್ಯಕ್ಕಾ. ಕಪಾಳಕ್ಕೆ ಹೊಡಿ" ಅಂದೆ. ಇಗ್ಲಿಕಕ್ಕ ನನ್ನ ಎದೆಯನ್ನೇ ನೋಡುತ್ತಿದ್ದಳು.

"ಸ್ವೆಟರ್ ಬಿಚ್ಚು."

ಸ್ತಾನಜ್ಜಿಯ ಹಕ್ಕಿ ಚಿತ್ತಾರದ ಸ್ವೆಟರ್ ಅದು. ನಾನು ಸೇರಿದ ವರ್ಷ ಅವಳೇ ಕೊಟ್ಟದ್ದು. ಮಾರಿದವೆಲ್ಲ ಆಸ್ಟ್ರಿಯಾ, ಜರ್ಮನಿ ಸೇರಿವೆ. ನೂರಕ್ಕೂ ಹೆಚ್ಚು ಚಿತ್ತಾರಗಳನ್ನು ಒಮ್ಮೆಯೂ ಹೆಣೆದೇ ಇರಲಿಲ್ಲ. ಕೈಗೆಟುಕುವಂತೆ ಉಳಿದದ್ದು ಇದೊಂದು. ಅವಳು ಚೌಕುಳಿ ಹಾಳೆ, ಪೆನ್ಸಿಲು ನನ್ನ ಮುಂದಿಟ್ಟಳು.

"ನನ್ನ ಕಣ್ಣಿಗೆ ಈಗ ಕಾಣಲ್ಲ. ನೀನೇ ಎಣಿಸು."

ಸೂಜಿ ಊರಿ ಎಣಿಸಿದೆ. ಕೆಂಪು ಮೂರು, ಕಪ್ಪು ಒಂದು, ಕೆಂಪು ಎರಡು. ಲೆಕ್ಕ ತಪ್ಪಿದಾಗ ಬೈಗುಳ ಬಾಯಿಗೆ ಬಂತು, ನುಂಗಿ ಮೊದಲಿಂದ ಹಿಡಿದೆ. ರೆಕ್ಕೆ ಬಂತು, ಬಾಲ ಬಂತು. ಎದೆಯ ನಡುಮಧ್ಯೆ, ಹಕ್ಕಿಯ ತಲೆ ಇರಬೇಕಾದಲ್ಲಿ, ಎಂದೋ ಬೆಸುಗೆ ಹಾಕುವಾಗ ಕಿಡಿ ಬಿದ್ದು ಸುಟ್ಟ ತೂತು.

"ಅಕ್ಕಾ, ತಲೆ ಯಾವ ಕಡೆ ತಿರುಗಿತ್ತು?"

ಅವಳು ಕಣ್ಣು ಮುಚ್ಚಿಕೊಂಡಳು. ಬೆರಳು ಮಡಿಲಲ್ಲಿ ಏನನ್ನೋ ಎಣಿಸುತ್ತಿತ್ತು, ನಿಂತಿತು.

"ಸ್ತಾನಜ್ಜಿ ಹೇಳಿದ್ಲು ಕಣೋ. ಯಾಕೆ ಆ ಕಡೆ ನೋಡ್ತದೆ ಅಂತಾನೂ ಹೇಳಿದ್ಲು."

ನಾನು ಕಾದೆ. ಅವಳು ತೂತಿನ ಅಂಚನ್ನು ಸವರಿ, ಇಲ್ಲವೆಂದು ತಲೆಯಾಡಿಸಿ, ಸ್ವೆಟರನ್ನು ನನ್ನ ಕಡೆಗೆ ತಳ್ಳಿದಳು. ಅಷ್ಟು ಚೌಕಗಳನ್ನು ಖಾಲಿ ಬಿಟ್ಟು ಮುಂದಿನ ಸಾಲು ಎಣಿಸತೊಡಗಿದೆ.