ಜಾಣಕಿವುಡು ಅಂದ ಬಾಯಿ

ಆ ಮಗುವಿನದು ಜಾಣಕಿವುಡು ಎಂದು ಮೊದಲು ಬಾಯಿ ಬಿಟ್ಟ ದಡ್ಡ ನಾನೇ. ಬೇಕಾದದ್ದು ಮಾತ್ರ ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ. ಅಂಥ ಕಿವಿಯವರು ನಮ್ಮ ಕಡೆ ಮನೆಗೊಬ್ಬರು ಇದ್ದೇ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಪದವಿ ನನ್ನದು. ನೀರು ಸೇದು ಎಂದರೆ ಮೈಮೇಲೆ ಪ್ರಜ್ಞೆ ಇರುತ್ತಿರಲಿಲ್ಲ. ಹಂಚಿನ ಮೇಲೆ ಹೋಳಿಗೆ ಬಿದ್ದದ್ದು ಬೀದಿಯ ತುದಿಗೂ ಕೇಳಿಸುತ್ತಿತ್ತು. ನನ್ನ ಜಾತಿಯ ಇನ್ನೊಬ್ಬ ಹುಟ್ಟಿದ ಎಂದುಕೊಂಡೆ.

ಮಗು ನನ್ನ ಅಕ್ಕನದು. ಅಕ್ಕನನ್ನು ನಮ್ಮ ಸೋದರಮಾವನಿಗೇ, ಎಂದರೆ ಅಮ್ಮನ ತಮ್ಮನಿಗೇ ಕೊಟ್ಟಿತ್ತು. ಹೀಗಾಗಿ ಶ್ರೀನಿವಾಸಪುರದ ಆ ಮನೆಯಲ್ಲಿ ಅಕ್ಕನಿಗೆ ಅತ್ತೆ ಎಂದರೆ ನಮ್ಮ ಅಜ್ಜಿಯೇ. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಮುಳಬಾಗಿಲಿನಿಂದ ಇದ್ದಿಲ ಬಸ್ಸು ಹತ್ತಿ, ಮಾವಿನ ಸುಗ್ಗಿಗೆ ಕೈಜೋಡಿಸುತ್ತೇನೆಂದು ಹೋದವನು ಕೈಗಿಂತ ಬಾಯನ್ನೇ ಹೆಚ್ಚು ಜೋಡಿಸಿದೆ. ತಿಂದು ಮುಗಿದ ಮೇಲೆ ಜಗುಲಿಯಲ್ಲಿ ಕೂತು ನಾನು ಮಾಡುತ್ತಿದ್ದುದು ಎಲ್ಲರ ಅಣಕ: ಮಾವಿನ ಮಂಡಿಯಲ್ಲಿ ಹರಾಜು ಕೂಗುವ ಸಾಬರು, ಸಿಟ್ಟು ಬಂದರೆ ತೆಲುಗಿಗೆ ಹೊರಳುವ ಅಜ್ಜಿ, ದಿಬ್ಬ ಹತ್ತಲಾರದೆ ಕೆಮ್ಮುವ ಬಸ್ಸು.

ನನ್ನ ಬಸ್ಸಿನ ಅಣಕವೆಂದರೆ ಮಗುವಿಗೆ ಪ್ರಾಣ. ಉಬ್ಬಿದ ಹೊಟ್ಟೆ ಕುಣಿಸಿಕೊಂಡು ನಗುತ್ತಿತ್ತು. ಶಾಲೆಗೆ ಹಾಕುವ ವಯಸ್ಸು. ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಮೂಗು ಸದಾ ಕಟ್ಟಿರುತ್ತಿತ್ತು, ಕಿವಿ ಸೋರುತ್ತಿತ್ತು. ಮಾತು ಬಂದಿರಲಿಲ್ಲ. ಅಜ್ಜಿ ಊಟಕ್ಕೆ ಕೂಗಿದರೆ ಮಾತ್ರ ತಿರುಗಿಯೂ ನೋಡದು.

“ನನ್ ಬಸ್ಸು ಕೇಳ್ಸುತ್ತೆ, ನಿನ್ ಕೂಗು ಕೇಳ್ಸಲ್ವಂತೆ. ಜಾಣಕಿವುಡು ಕಣಜ್ಜಿ!” ಎಂದೆ.

ಅಜ್ಜಿ ಅದನ್ನೇ ತೀರ್ಪು ಮಾಡಿಕೊಂಡಳು. ಕೂಗಿದಾಗ ಬಂದರೆ ಮುದ್ದೆ, ಬರದಿದ್ದರೆ ಹೊಟ್ಟೆಗೆ ತಣ್ಣೀರು. ಅಕ್ಕ ಸೆರಗಿನ ಮರೆಯಲ್ಲಿ ಮುದ್ದೆ ಇಟ್ಟುಕೊಂಡು ಹಿತ್ತಿಲಿಗೆ ಹೋಗತೊಡಗಿದಳು. ಅದು ಅಜ್ಜಿಯ ಕಣ್ಣಿಗೆ ಬಿತ್ತು. ಆಮೇಲೆ ಆ ಮನೆಯಲ್ಲಿ ಒಬ್ಬರನ್ನೊಬ್ಬರು ನೆಟ್ಟಗೆ ನೋಡಿದವರಿಲ್ಲ. ಸೊಸೆ ಮಗುವನ್ನು ಕೆಡಿಸುತ್ತಿದ್ದಾಳೆ ಎಂದು ಅಜ್ಜಿಗೆ, ಹಸುಗೂಸಾಗಿದ್ದಾಗ ಅಜ್ಜಿಯೇ ಎರೆಯುವಾಗ ಕಿವಿಗೆ ನೀರು ಬಿಟ್ಟಿರಬೇಕೆಂದು ಅಕ್ಕನಿಗೆ ಅನುಮಾನ. ಅಕ್ಕ ನನ್ನನ್ನೂ ಬಿಡಲಿಲ್ಲ. “ನಿಜ ಹೇಳೋ, ಅಜ್ಜಿ ಕೂಗಿದ್ರೆ ತಿರುಗ್ಬೇಡ ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?” ನನಗೋ ಮಗುವಿನ ಮೇಲೆಯೇ ಗುಮಾನಿ. ಇಷ್ಟು ಚಿಕ್ಕವನು ಇಷ್ಟು ಚೆನ್ನಾಗಿ ನಟಿಸುತ್ತಾನಲ್ಲ, ಜಾಣಕಿವುಡಿನ ನನ್ನ ಪದವಿಗೇ ಕಲ್ಲು ಹಾಕುತ್ತಾನೆಂದು!

ಅಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಮಗು ಬಂದು ಕೆನ್ನೆ ಚುಚ್ಚಿತು, ಬಸ್ಸು ಬಿಡು ಎಂದು. ಸದ್ದಿಲ್ಲದೆ ಕೆನ್ನೆ ಉಬ್ಬಿಸಿ ಭುಜ ಕುಲುಕಿಸಿದೆ. ಅದೇ ನಗು, ಒಂದು ಚೂರೂ ಕಡಿಮೆಯಿಲ್ಲ. ಇಷ್ಟು ದಿನ ನನ್ನ ಗಂಟಲಿಗೆ ಎಂದುಕೊಂಡ ಮರ್ಯಾದೆಯೆಲ್ಲ ನನ್ನ ಕೋತಿ ಮೂತಿಗೆ ಸಂದದ್ದು! ಗಂಟಲು ಬಿಟ್ಟ ಮೇಲೆ ಅವನ ಬೆನ್ನ ಹಿಂದೆ ನಿಂತು ಬಸ್ಸು, ಹುಂಜ, ಸಾಬರು ಎಲ್ಲವನ್ನೂ ಕೂಗಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಮಗು ಮಾವಿನ ವಾಟೆ ಚೀಪುತ್ತಲೇ ಇತ್ತು.

“ಅಜ್ಜಿ, ಅವನಿಗೆ ನಿಜವಾಗ್ಲೂ ಕೇಳ್ಸಲ್ಲ,” ಎಂದೆ.

“ಏನ್ಲಾ, ಜಾಣಕಿವುಡು ಅಂದೋನು ನೀನೇ. ಮಾತು ತಿರುಗ್ಸೋಕೆ ನಿಮ್ಮಕ್ಕ ಎಷ್ಟು ತುಪ್ಪ ಬಡಿಸಿದ್ಲು?”

ಕೊನೆಗೆ ಮಾವ ಮನಸ್ಸು ಮಾಡಿ ಅಕ್ಕನನ್ನೂ ಮಗುವನ್ನೂ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೊರಟ. ನಾನೂ ಜೊತೆಗೆ ಹೋದೆ. ಡಾಕ್ಟರು ಕಿವಿ ನೋಡಿದರು. ಆಮೇಲೆ ಕಿವಿ ಬಿಟ್ಟು ಬೆರಳು ಬಿಡಿಸಿದರು, ಹೊಟ್ಟೆ ಒತ್ತಿದರು. ಗಂಡ ಹೆಂಡತಿ ಮೊದಲೇ ಸಂಬಂಧವೋ ಎಂದು ಕೇಳಿದರು. ಮೈಯಲ್ಲಿ ಕರಗಿಹೋಗಬೇಕಾದ್ದು ಏನೋ ಕರಗದೆ ಸೇರಿಕೊಳ್ಳುತ್ತಿದೆ, ಕಿವಿ ಹೋಗಿರುವುದೂ ಅದರಿಂದಲೇ ಎಂದರು. ಹುಟ್ಟಿನಲ್ಲೇ ಬಂದದ್ದು, ತಂದೆ ತಾಯಿ ಇಬ್ಬರ ರಕ್ತದಿಂದಲೂ. ಔಷಧಿ ಇಲ್ಲ, ಎದುರಿಗೆ ಕೂತು ಮುಖ ತೋರಿಸಿ ಮಾತಾಡಿ ಎಂದರು.

ಮಾವ ಬಂದು ಎಲ್ಲವನ್ನೂ ಒಪ್ಪಿಸಿದ. ರಕ್ತ ಎಂಬುದು ಅಜ್ಜಿಗೆ ಚೆನ್ನಾಗಿ ಕೇಳಿಸಿತು. ಇಬ್ಬರದೂ ಎಂಬುದು ಕೇಳಿಸಲೇ ಇಲ್ಲ.

“ನಮ್ ಕಡೆ ಇಂಥದ್ದು ಯಾರಿಗಿದೆಯಪ್ಪ? ಇದು ಅವಳ ತವರಿನ ರಕ್ತ. ತಾಯಿ ಮಗ ಇಬ್ರನ್ನೂ ಮುಳಬಾಗಿಲಿಗೆ ಕಳಿಸ್ಬಿಡು. ನಿಂಗೆ ಮಾಲೂರಲ್ಲಿ ಒಂದು ಹುಡುಗಿ ನೋಡಿದೀನಿ.”

ಯಾವಾಗ ನೋಡಿದಳು? ಅಜ್ಜಿ ಬಿತ್ತನೆ ಆಲೂಗಡ್ಡೆಗೆಂದು ಮಾಲೂರಿಗೆ ಹೋಗಿ ಬರಿಗೈಯಲ್ಲಿ ಬಂದದ್ದು ಆಗ ನೆನಪಾಯಿತು. ಮಾವನ ಮುಖ ನೋಡಿದೆ. ಅವನು ಬೇಡ ಎನ್ನಲಿಲ್ಲ, ಕಾಲುಬೆರಳಿನಿಂದ ನೆಲ ಕೆರೆಯುತ್ತಿದ್ದ.

ಅಕ್ಕ ಮುದ್ದೆ ಕೋಲನ್ನು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. ಅಜ್ಜಿಯ ಎದುರಿಗೆ ಕೂತಳು. ಅವಳ ಧ್ವನಿ ಏರಲಿಲ್ಲ. ಆ ಧ್ವನಿಯನ್ನು ನಾನು ಇವತ್ತಿನವರೆಗೂ ಅಣಕಿಸಿಲ್ಲ, ಬರುವುದೂ ಇಲ್ಲ. ಅವಳು ಅಷ್ಟು ಹೇಳಿದ ಮೇಲೆ ಮಾಲೂರಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

“ಕೆಟ್ಟ ರಕ್ತಾನ ಮನೆಯಿಂದ ಕಳಿಸ್ಬೇಕು ಅಂದ್ರೆ ಮೊದ್ಲು ನೀನು ಗಂಟು ಕಟ್ಟಜ್ಜಿ. ಇವರನ್ನ ಹೆತ್ತೋಳೂ ನೀನೇ, ನಮ್ಮಮ್ಮನ್ನ ಹೆತ್ತೋಳೂ ನೀನೇ.”