ಗ್ರಿಲ್ ಅಕ್ಕನ ಕೊನೆಯ ಗಿರಾಕಿ

ನಮ್ಮ ಅಂಗಡಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿಯೇ ಇರಲಿಲ್ಲ. ಮಾರಲು ಯಾವ ಸಾಮಾನಿನ ಮುಂದೆ ನಿಲ್ಲುತ್ತೀರೋ ಅದೇ ನಿಮ್ಮ ಹೆಸರು. ನಾನು ಮಿಕ್ಸಿ. ತಣ್ಣನೆಯ ಸಾಲಿನಲ್ಲಿ ಆಕಳಿಸುತ್ತ ನಿಲ್ಲುವವನು ಫ್ರಿಜ್ ಅಣ್ಣ. ನನ್ನ ಪಕ್ಕದ ಮೇಜಿನಲ್ಲಿ ಆಲೂಗಡ್ಡೆ, ಬದನೆಕಾಯಿ ಹೋಳುಗಳನ್ನು ಗ್ರಿಲ್ ಒಲೆಯ ಮೇಲೆ ಸುಟ್ಟು, ಬಂದವರ ಕೈಗಿಡುತ್ತಿದ್ದವಳು ಗ್ರಿಲ್ ಅಕ್ಕ. ಮಾಲೀಕರು ಅವಳಿಗಿಂತ ಎಷ್ಟೋ ದೊಡ್ಡವರು, ಅವರಿಗೂ ಅವಳು ಅಕ್ಕನೇ.

ಅವಳು ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಶಾಲೆಯಲ್ಲಿದ್ದ. ಅವನನ್ನು ಓದಿಸಿ, ದಡ ಮುಟ್ಟಿಸಿ, ಮದುವೆ ಮಾಡಿಸಿ, ಕೊನೆಗೆ ಅವನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡಳು. ತಮ್ಮನಿಗೆ ಮಗಳು ಹುಟ್ಟಿದ ಮೇಲೆ ಆ ಕೋಣೆ ಇಬ್ಬರದಾಯಿತು. ಮಗು ಅತ್ತೆಯ ಮಗ್ಗುಲಲ್ಲೇ ಮಲಗಬೇಕು, ಇಲ್ಲದಿದ್ದರೆ ಮನೆ ಎದ್ದು ಹೋಗುವ ಹಾಗೆ ಅಳು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಸಾಕು, ಇವಳ ಬಾಯಲ್ಲಿ ಅದೇ ಪುರಾಣ: ಹಲ್ಲು ಬಂತಂತೆ, ಸೊನ್ನೆ ಬರೆಯಲು ಕಲಿತಳಂತೆ. "ಆಯ್ತಮ್ಮ, ಜಗತ್ತಲ್ಲಿ ನಿನಗೊಬ್ಬಳಿಗೇ ಸೊಸೆ ಇರೋದು" ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು. ಅವಳ ಬದುಕಿನಲ್ಲಿ ಆ ಮಗುವನ್ನು ಬಿಟ್ಟರೆ ಬೇರೆ ಏನಿತ್ತು ಹೇಳಿ.

ಕೆಲಸದಲ್ಲಿ ಮಾತ್ರ ನಿಷ್ಠುರಿ. "ಮನೆಯೊಳಗೆ ಇಡೋದಾದ್ರೆ ಕರೆಂಟಿಂದೇ ತಗೊಳ್ಳಿ ಅಮ್ಮ. ಕಾವು ಮೀರಿದ್ರೆ ತಾನಾಗೇ ಆರ್ಬೇಕು. ಜಿಡ್ಡು ಬೀಳೋಕೆ ಕೆಳಗೆ ತಟ್ಟೆ ಬೇಕು, ಇಲ್ಲದಿದ್ರೆ ಅದೇ ಹೊತ್ಕೊಳ್ಳುತ್ತೆ. ವಯರು ದಪ್ಪ ಇರ್ಲಿ" ಎನ್ನುತ್ತ ಸಾಮಾನನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ಕಾಲು ಗಟ್ಟಿ ಇದೆಯೇ ನೋಡುವಳು. ಯಾರಾದರೂ ಬಣ್ಣದ ಬಗ್ಗೆ ತಲೆ ಕೆಡಿಸಿಕೊಂಡರೆ, "ಯಾವ ಬಣ್ಣ ತಗೊಂಡ್ರೂ ಆರು ತಿಂಗಳಿಗೆ ನನ್ನ ಬಣ್ಣಕ್ಕೇ ಬರುತ್ತೆ ಬಿಡಿ" ಎನ್ನುವಳು.

ಆ ಮೇಜಿನದೊಂದು ಗುಟ್ಟಿತ್ತು. ಮೇಲೆ ಹಾಸಿದ ಬಟ್ಟೆಯ ಕೆಳಗೆ ಒಂದು ದೊಡ್ಡ ಫ್ಯಾನು. ಹೊಗೆಯನ್ನೆಲ್ಲ ಎಳೆದು ಕೊಳವೆಯಲ್ಲಿ ಹಿತ್ತಿಲಿಗೆ ಬಿಡುತ್ತಿತ್ತು. ಗಿರಾಕಿಗೆ ಕಾಣುವುದು ಚೊಕ್ಕ ಮೇಜು, ಘಮಘಮ ಆಲೂಗಡ್ಡೆ. ಅದನ್ನು ಬಾಯಿಬಿಡಬಾರದೆಂಬುದು ಅಂಗಡಿಯ ಕಾನೂನು. ಇವಳೋ, ತಾನೇ ಬಗ್ಗಿ ಬಟ್ಟೆ ಎತ್ತಿ ತೋರಿಸುವಳು. "ಇಲ್ಲಿ ಫ್ಯಾನಿದೆ, ನಿಮ್ಮನೇಲಿ ಇರಲ್ಲ. ಕಿಟಕಿ ತೆಗೆದಿಟ್ಕೊಂಡೇ ಹಚ್ಚಿ." ಮಾಲೀಕರು ದೂರದಿಂದ ಹಲ್ಲು ಕಡಿಯುತ್ತಿದ್ದರು.

ಒಂದು ದಿನ ಕೆಂಪು ಬಣ್ಣದ, ಮೇಜಿನ ಮೇಲಿಡುವ ಇದ್ದಿಲು ಗ್ರಿಲ್ಲುಗಳು ಲಾರಿಗಟ್ಟಲೆ ಬಂದವು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 'ಹೊಗೆ ಇಲ್ಲ' ಎಂದು ಬರೆದಿತ್ತು. ಮನೆಯೊಳಗೂ ನಡೆಯುತ್ತದೆ ಎಂದು ಹೇಳಲು ಅವಳಿಗೆ ಅಪ್ಪಣೆಯಾಯಿತು.

"ಹೊಗೆ ಕಾಣಲ್ಲ ಅಷ್ಟೇ ಸಾರ್" ಎಂದಳು. "ಇದ್ದಿಲು ಬಿಡೋ ವಿಷಕ್ಕೆ ಬಣ್ಣಾನೂ ಇಲ್ಲ, ವಾಸನೇನೂ ಇಲ್ಲ. ಮುಚ್ಚಿದ ಮನೇಲಿ ಮಲಗಿದವರು ಏಳಲ್ಲ. ಇದನ್ನ ಬಯಲಲ್ಲಿ ಇಟ್ಕೊಳ್ಳಿ ಅಂತಲೇ ನಾನು ಹೇಳೋದು."

ಮರುದಿನದಿಂದ ಅವಳನ್ನು ಡಬ್ಬ ಕಟ್ಟಿಕೊಡುವ ಮೂಲೆಗೆ ಹಾಕಿದರು. ಅವಳ ಮೇಜಿಗೆ ಟೈ ಕಟ್ಟಿದ, ಎಣ್ಣೆಯಲ್ಲಿ ಅದ್ದಿದಂಥ ನಾಲಿಗೆಯವನೊಬ್ಬ ಬಂದ. ಅವನು ಬಟ್ಟೆ ಎತ್ತಿ ಯಾರಿಗೂ ಏನೂ ತೋರಿಸಲಿಲ್ಲ.

ಅಕ್ಕನ ರಜೆಯ ದಿನ ಅವಳ ತಮ್ಮ ನಮ್ಮ ಅಂಗಡಿಗೆ ಬಂದ; ನನಗೆ ಇದು ಆಮೇಲೆ ತಿಳಿದದ್ದು. ಟೈಯವನು ಅವನ ಕಣ್ಣೆದುರೇ ಇದ್ದಿಲು ಹೊತ್ತಿಸಿ ಜೋಳ ಸುಟ್ಟುಕೊಟ್ಟ. ಒಂದೆಳೆ ಹೊಗೆ ಏಳಲಿಲ್ಲ. ತಮ್ಮನಿಗೆ ಬಡ್ತಿ ಸಿಕ್ಕಿತ್ತು, ಸ್ನೇಹಿತರನ್ನು ಊಟಕ್ಕೆ ಕರೆದಿದ್ದ. ಅಕ್ಕನಿಗೆ ಒಂದು ಮಾತೂ ಹೇಳದೆ ಕೆಂಪು ಗ್ರಿಲ್ ಹೊತ್ತುಕೊಂಡು ಹೋದ. ಬಿಡುವಾಗಿದ್ದಿದ್ದರೆ ನಾನು ನೋಡಿ ತಡೆಯುತ್ತಿದ್ದೆ. ಆವತ್ತು ನನ್ನ ಮಿಕ್ಸಿ ಮುಂದೆ ಜಾತ್ರೆ.

ಔತಣಕ್ಕೆ ಅಕ್ಕ ನನ್ನನ್ನೂ ಕರೆದಿದ್ದಳು. ಅಂಗಡಿ ಮುಗಿಸಿ ಇಬ್ಬರೂ ಸೇರಿ ಹೋದೆವು. ಚಳಿಯೆಂದು ಕಿಟಕಿಗಳೆಲ್ಲ ಭದ್ರ. ಅಡುಗೆ ಆಗಿಹೋಗಿತ್ತು, ಆದರೆ ಬೆಚ್ಚಗಿರುತ್ತದೆಂದು ಕೆಂಡವನ್ನು ಹಾಗೇ ನಡುಮನೆಯಲ್ಲಿ ಬಿಟ್ಟಿದ್ದರು. ಇಬ್ಬರು ಅತಿಥಿಗಳು ಹಣೆ ಒತ್ತಿಕೊಳ್ಳುತ್ತಿದ್ದರು. ಮಗು ಸೋಫಾದ ಮೇಲೆ ಮುದುಡಿ ಮಲಗಿತ್ತು.

"ಮಗು ಯಾಕೆ ಮಲಗಿದೆ?" ಎಂದಳು ಅಕ್ಕ.

"ತಲೆನೋವು ಅಂತಿತ್ತು, ಆಡಿ ಸುಸ್ತಾಗಿರ್ಬೇಕು" ಎಂದಳು ತಮ್ಮನ ಹೆಂಡತಿ.

ಅಕ್ಕ ಕಿಟಕಿಗಳನ್ನು ದಡಬಡ ತೆರೆದಳು. ನೀರಿನ ಜಗ್ಗನ್ನು ಕೆಂಡದ ಮೇಲೆ ಬಗ್ಗಿಸಿದಳು. ಬೂದಿ ಎದ್ದು ಅತಿಥಿಗಳ ಬಟ್ಟೆ, ತಟ್ಟೆ ಎಲ್ಲ ಹಾಳಾಯಿತು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಗೆ ಓಡಿದಳು. ಗಾಳಿ ತಾಗಿ ಸ್ವಲ್ಪ ಹೊತ್ತಾದ ಮೇಲೆ ಮಗು ವಾಂತಿ ಮಾಡಿಕೊಂಡು ಗಟ್ಟಿಯಾಗಿ ಅತ್ತಿತು. ಮಗುವಿನ ಅಳು ಅಷ್ಟು ಇಂಪಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಅತಿಥಿಗಳು ಬೂದಿ ಕೊಡವಿಕೊಳ್ಳುತ್ತ ಹೊರಟರು. ಬಾಗಿಲಲ್ಲೇ ಅವಳ ತಮ್ಮ ಬೈಯಲು ಶುರು ಮಾಡಿದ.

"ಹೊಗೆ ಬರಲ್ಲ ಅಂತ ನಾನೇ ಕಣ್ಣಾರೆ ನೋಡಿದೀನಿ, ನಿಮ್ಮ ಅಂಗಡಿಯಲ್ಲೇ. ನಿನ್ನ ಮೇಜು ಕಿತ್ಕೊಂಡ್ರು ಅಂತ ಆ ಹೊಟ್ಟೆಕಿಚ್ಚನ್ನ ನಮ್ಮನೇಲಿ ತೀರಿಸ್ಕೊಂಡೆ."

"ಮೇಜಿನ ಕೆಳಗೆ ಫ್ಯಾನಿದೆ ಕಣೋ."

"ಸಾಕು ಮಾಡು. ಮಗು ಹೆಚ್ಚಿಗೆ ತಿಂದು ವಾಂತಿ ಮಾಡ್ಕೊಂಡಿದೆ, ಅಷ್ಟೇ."

ಅವನ ಹೆಂಡತಿ ಮಗುವನ್ನು ಅಕ್ಕನ ಕೈಯಿಂದ ತೆಗೆದುಕೊಂಡಳು. "ಹೆದರಿಸಿಬಿಟ್ರಿ ಇವಳನ್ನ. ಇನ್ಮೇಲೆ ನಿಮ್ಮ ಹತ್ರ ಮಲಗೋದು ಬೇಡ."

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಆದರೆ ಹಿತ್ತಲ ಗಿಡ ಮದ್ದಲ್ಲ ಅನ್ನುವುದೂ ಅಷ್ಟೇ ಹಳೆಯ ಮಾತು, ಮನೆಗಳಲ್ಲಿ ನಡೆಯುವುದು ಅದೇ. ಆಗಿಹೋದ ಅನಾಹುತಕ್ಕೆ ಹತ್ತು ಸಾಕ್ಷಿ ಸಿಗುತ್ತದೆ, ತಪ್ಪಿಸಿದ್ದಕ್ಕೆ ಒಂದೂ ಸಿಗುವುದಿಲ್ಲ. ಅಕ್ಕ ಅಂಗಡಿಯ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಮಗುವನ್ನು ನೋಡಲು ಹೋದಾಗಲೆಲ್ಲ ಮಗು ಮಲಗಿದೆ ಅನ್ನುವ ಉತ್ತರ. ಆಮೇಲೆ ಹೋಗುವುದನ್ನೇ ಬಿಟ್ಟಳು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ನಾನೇ ಏನಾದರೂ ಹರಟುತ್ತಿದ್ದೆ.

ಚಳಿ ಮುಗಿಯುವ ಹೊತ್ತಿಗೆ ಅವಳ ತಮ್ಮ ಮತ್ತೆ ನಮ್ಮ ಅಂಗಡಿಗೆ ಬಂದ. ಅಕ್ಕ ಮೂಲೆಯಲ್ಲಿ ಡಬ್ಬ ಕಟ್ಟುತ್ತಿದ್ದಳು. ಅವಳ ಹತ್ತಿರ ಹೋಗಲು ಮುಖವಿಲ್ಲದೆ ನನ್ನ ಮುಂದೆ ನಿಂತು, ಕರೆಂಟಿನ ಗ್ರಿಲ್ ಬೇಕು ಎಂದ. ನಾನು ಬಿಡಲಿಲ್ಲ.

"ಯಾಕೆ, ಕೆಂಪು ಗ್ರಿಲ್ ಏನಾಯ್ತು?"

"ಮಗೂಗೆ ಇನ್ನೊಂದ್ಸಲ ಹಾಗೇ ಆಯ್ತು" ಎಂದ, ನನ್ನ ಮಿಕ್ಸಿಯನ್ನು ನೋಡುತ್ತ. "ಆಸ್ಪತ್ರೇಲಿ ಇಡಬೇಕಾಯ್ತು. ಈಗ ಹುಷಾರಾಗಿದಾಳೆ. ಆ ಗ್ರಿಲ್ ಬಿಸಾಕಿ ಅಂತ ಡಾಕ್ಟರು ಬೈದ್ರು."

ಡಾಕ್ಟರು ಬೈದರಂತೆ. ಅಕ್ಕ ಹೇಳಿದ್ದೂ ಅದನ್ನೇ ಅಲ್ಲವೇ. ಅಕ್ಕನ ಕೈ ಕಾಗದದ ಮೇಲೆ ನಿಂತುಬಿಟ್ಟಿತ್ತು. ಮಗು ಆಸ್ಪತ್ರೆ ಸೇರಿದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ಎದ್ದು ಬಂದಳು. ಕಪಾಟಿನಿಂದ ಒಂದು ಗ್ರಿಲ್ ಇಳಿಸಿ, ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿ, ತಮ್ಮನ ಮುಂದಿಟ್ಟಳು. ನಾವು ಗಿರಾಕಿಗಳನ್ನು ಕೇಳುವ ಹಾಗೆಯೇ ಕೇಳಿದಳು: "ಮನೇಲಿ ಮಕ್ಕಳಿದಾರಾ ಸಾರ್?"

'ನಿನ್ನ ಸೊಸೆ ಇದಾಳಲ್ಲ ಅಕ್ಕ' ಅಂದಿದ್ದರೆ ಸಾಕಿತ್ತು. ಆ ಒಂದು ಮಾತು ಅವನ ಬಾಯಿಂದ ಬರಲಿ ಎಂದೇ ಅವಳು ಹಾಗೆ ಕೇಳಿದ್ದು, ಅವಳ ಮುಖ ಬಲ್ಲವಳು ನಾನು.

ಅವನು ಕತ್ತು ತಗ್ಗಿಸಿ ಪರ್ಸು ತೆಗೆದ.

"ಒಬ್ಬಳಿದಾಳೆ" ಎಂದ.

"ಹಾಗಿದ್ರೆ ವಯರು ಕೈಗೆ ಸಿಗದ ಹಾಗೆ ಗೋಡೆ ಕಡೆ ಇಡಿ" ಎಂದಳು ಅಕ್ಕ. "ಕಿಟಕಿ ತೆಗೆದಿಟ್ಕೊಳ್ಳಿ." ಆಮೇಲೆ ಡಬ್ಬಕ್ಕೆ ದಾರ ಬಿಗಿದು, ಹಿಡಿಯಲು ಒಂದು ಕುಣಿಕೆ ಬಿಟ್ಟು, ಅವನ ಕೈಗೆ ಕೊಟ್ಟಳು.